ಹೊತ್ತು ಮುಳುಗುವ ಮುಂಚಿನ ಪ್ರವಾಸ

ಪರದೇಶ ಪ್ರವಾಸದ ಮಾತು ಈಗ ನಮ್ಮ ಸಮಾಜದ ಬಹುತೇಕ ಮನೆಗಳಲ್ಲಿ ಕೇಳಿಬರುತ್ತದೆ. ದೀಪಾವಳಿಯ ವಹಿ ಪೂಜೆ ಮುಗಿಯುವಷ್ಟರಲ್ಲಿ ಮಕ್ಕಳು ಮೊಬೈಲಿನಲ್ಲಿ ಬ್ಯಾಂಕಾಕ್, ಸಿಂಗಾಪುರ, ಬಾಲಿ ಎಂದು ಚಿತ್ರ ತೋರಿಸತೊಡಗುತ್ತಾರೆ. ಹಿರಿಯರಿಗೆ ಎರಡು ಚಿಂತೆ. ಒಂದು ಖರ್ಚಿನದು, ಇನ್ನೊಂದು ಊಟದ್ದು. ಖರ್ಚಿನ ಚಿಂತೆ ಹೇಗೋ ಬಗೆಹರಿಯುತ್ತದೆ, ವ್ಯಾಪಾರಸ್ಥರಿಗೆ ಲೆಕ್ಕ ಗೊತ್ತು. ಊಟದ ವಿಷಯದಲ್ಲಿ ಮಾತ್ರ ನಾವು ಒಮ್ಮೆ ಎಡವಿ, ಇನ್ನೊಮ್ಮೆ ಸುಧಾರಿಸಿಕೊಂಡೆವು. ಎರಡನ್ನೂ ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ. ಸೋಲಾಪುರ, ಅಕ್ಕಲಕೋಟೆ ಕಡೆಯಿಂದ ಬರುವ ವರ್ಷ ಹೊರಡುವವರಿಗೆ ಉಪಯೋಗಕ್ಕೆ ಬಂದೀತು.

ಸೋಲಾಪುರದ ಜೈನರಿಗೆ ಪರದೇಶ ಹೊಸದೇನಲ್ಲ. 1882ರಲ್ಲಿ ಇದೇ ಊರಲ್ಲಿ ಹುಟ್ಟಿದ ಶೇಠ ವಾಲಚಂದ ಹಿರಾಚಂದರು ಸಿಂಧಿಯಾ ಹಡಗು ಕಂಪನಿ ಸ್ಥಾಪಿಸಿದವರಲ್ಲಿ ಪ್ರಮುಖರು. ಆ ಕಂಪನಿಯ ‘ಲಾಯಲ್ಟಿ’ ಎಂಬ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಅದಕ್ಕೂ ಮೊದಲು, 1893ರಲ್ಲಿ, ಗುಜರಾತಿನ ವೀರಚಂದ ರಾಘವಜಿ ಗಾಂಧಿಯವರು ಚಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ಹೋಗಿ ಜೈನಧರ್ಮದ ಬಗ್ಗೆ ಮಾತನಾಡಿ ಬಂದರು. ಸಮುದ್ರ ದಾಟಿದರೆಂದು ಆಗ ಸಮಾಜದ ಕೆಲವರೇ ಅವರನ್ನು ವಿರೋಧಿಸಿದ್ದರು. ಈಗ ಸಮುದ್ರ ದಾಟುವ ಬಗ್ಗೆ ಯಾರೂ ಕೇಳುವುದಿಲ್ಲ. ಸಂಜೆ ಎಷ್ಟು ಗಂಟೆಗೆ ಉಂಡಿರಿ ಎಂದೂ ಕೇಳುವುದಿಲ್ಲ, ಅದು ಬೇರೆ ಮಾತು.

ನಾವು ಎಡವಿದ್ದು 2019ರ ಡಿಸೆಂಬರಿನಲ್ಲಿ. ಒಂದು ಪ್ರವಾಸಿ ಸಂಸ್ಥೆಯ ಮುಖಾಂತರ ಥಾಯ್ಲೆಂಡ್ ಮತ್ತು ಮಲೇಷಿಯಾಕ್ಕೆ ಹೋಗಿದ್ದೆವು. ನಾವು, ನಮ್ಮ ಮನೆಯವರು, ಮಗ, ಸೊಸೆ, ಆರು ವರ್ಷದ ಮೊಮ್ಮಗ. ‘ಜೈನ ಊಟದ ವ್ಯವಸ್ಥೆ ಇದೆ’ ಎಂದು ಸಂಸ್ಥೆಯವರು ಅಚ್ಚು ಹಾಕಿಸಿದ್ದರು. ಅದು ಸುಳ್ಳಾಗಿರಲಿಲ್ಲ. ಬಟಾಟೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪಲ್ಯ ತಪ್ಪದೆ ಬರುತ್ತಿತ್ತು. ಬರುತ್ತಿದ್ದದ್ದು ರಾತ್ರಿ ಎಂಟೂವರೆಗೆ. ಬ್ಯಾಂಕಾಕಿನಲ್ಲಿ ಡಿಸೆಂಬರಿನಲ್ಲಿ ಆರರ ಒಳಗೇ ಹೊತ್ತು ಮುಳುಗುತ್ತದೆ. ನಮ್ಮ ಮನೆಯವರಿಗೆ ರಾತ್ರಿಭೋಜನ ತ್ಯಾಗವಿದೆ. ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ನಾವೆಲ್ಲ ಊಟದ ಮನೆಗೆ ಹೋದಾಗ ಅವರು ಕೋಣೆಯಲ್ಲಿ ಜಪಮಾಲೆ ಹಿಡಿದು ಕುಳಿತಿರುತ್ತಿದ್ದರು. ಹೀಗೆ ನಾಲ್ಕು ರಾತ್ರಿ. ಮಲೇಷಿಯಾದಲ್ಲಿ ಗಡಿಯಾರ ಮುಂದೆ ಇಟ್ಟಿದ್ದಾರೆ, ಅಲ್ಲಿ ಏಳು ದಾಟಿದ ಮೇಲೆ ಹೊತ್ತು ಮುಳುಗುವುದು. ಆದರೆ ಅಲ್ಲಿಯೂ ಬಸ್ಸು ಊಟಕ್ಕೆ ಕರೆದೊಯ್ದದ್ದು ಎಂಟಕ್ಕೇ. ತಪ್ಪು ಸಂಸ್ಥೆಯದೆನ್ನಲು ನಮಗೆ ಬಾಯಿಲ್ಲ. ಊಟದಲ್ಲಿ ಏನಿರುತ್ತದೆ ಎಂದು ಹತ್ತು ಸಲ ಕೇಳಿದ್ದ ನಾವು ಎಷ್ಟು ಗಂಟೆಗೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಇನ್ನೊಂದು ಸಂಗತಿ ಹೊರಡುವ ಹಿಂದಿನ ದಿನ ತಿಳಿಯಿತು. ಬ್ಯಾಂಕಾಕಿನ ಬೀದಿಯಲ್ಲಿ ಕೆಲವು ಅಂಗಡಿಗಳ ಮುಂದೆ ಹಳದಿ ಪತಾಕೆ, ಅದರ ಮೇಲೆ ಕೆಂಪಿನಲ್ಲಿ ಇಂಗ್ಲಿಷಿನ ಹದಿನೇಳರ ಅಂಕಿಯಂತೆ ಕಾಣುವ ಎರಡು ಅಕ್ಷರ. ಅದನ್ನು ‘ಜೇ’ ಎಂದು ಓದುತ್ತಾರೆ. ಅಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇಲ್ಲ. ಬರೀ ಶಾಕಾಹಾರ ಎಂದು ಕೇಳಿದರೆ ಮೀನಿನ ರಸ ಹಾಕಿದ ಪಲ್ಯ ಕೊಟ್ಟಾರು, ‘ಜೇ’ ಎಂದರೆ ಕೊಡುವುದಿಲ್ಲ. ಕಂದಮೂಲ ಮಾತ್ರ ನಾವೇ ನೋಡಿಕೊಳ್ಳಬೇಕು. ಮಾವಿನ ಹಣ್ಣಿನ ಜೊತೆ ತೆಂಗಿನ ಹಾಲು, ಸಕ್ಕರೆ ಕೂಡಿಸಿದ ಅಂಟು ಅನ್ನವನ್ನೂ ಅಲ್ಲಿ ಗಾಡಿಯ ಮೇಲೆ ಮಾರುತ್ತಾರೆ. ಸಂಜೆ ನಾಲ್ಕಕ್ಕೆ ಇಷ್ಟು ಸಿಕ್ಕಿದ್ದರೆ ನಮ್ಮ ಮನೆಯವರು ಉಪವಾಸ ಬೀಳುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಅವರು ಒಂದೇ ಮಾತು ಹೇಳಿದರು: “ಇನ್ನೊಮ್ಮೆ ನನ್ನ ಕರೀಬ್ಯಾಡ್ರಿ. ನೀವು ಹೋಗಿ ಬರ್ರಿ, ನಾ ಬಸದಿಗೆ ಹೋಗಿ ಬರ್ತೀನಿ.”

ಐದು ವರ್ಷ ಮನೆಯಲ್ಲಿ ಪ್ರವಾಸದ ಮಾತಿರಲಿಲ್ಲ. 2024ರ ಬೇಸಿಗೆಯಲ್ಲಿ ಮಗ ಮೂರು ದೇಶದ ಯಾದಿ ತಂದ: ನೇಪಾಳ, ಭೂತಾನ, ಶ್ರೀಲಂಕಾ. ಗುಡಿ-ಗೋಪುರ, ಬೀದಿ ತಿನಿಸು, ಗುಡ್ಡ-ನೀರು ಮೂರೂ ಆಗಬೇಕು, ಖರ್ಚು ಥಾಯ್ಲೆಂಡಿನ ಅರ್ಧ ಆಗಬೇಕು ಎಂಬುದು ಅವನ ಯೋಜನೆ. ಮೊಮ್ಮಗ ಮಾತ್ರ, “ಆಯಿ ಬರಾಂಗಿಲ್ಲಂದ್ರ ನಾನೂ ಬರಾಂಗಿಲ್ಲ, ಮುತ್ಯಾ” ಎಂದು ಹಟ ಹಿಡಿದ. ಆಯಿಯನ್ನು ಒಪ್ಪಿಸುವ ಜವಾಬ್ದಾರಿ ನಮ್ಮ ಮೇಲೆ ಬಿತ್ತು. ಅವರು ಒಂದು ಕರಾರು ಹಾಕಿದರು: ಅಕ್ಕಲಕೋಟೆಯ ಅಕ್ಕ ಬಂದರೆ ತಾವೂ ಬರುವುದು. ಅಕ್ಕ ನಮಗಿಂತ ಹಿರಿಯರು, ಎಪ್ಪತ್ತರ ಹತ್ತಿರ. ಅವರ ನೇಮ ಇನ್ನೂ ಬಿಗಿ. ಸೂರ್ಯೋದಯವಾಗಿ ಎರಡು ಗಳಿಗೆ, ಅಂದರೆ 48 ನಿಮಿಷ, ಕಳೆಯುವವರೆಗೆ ಬಾಯಿಗೆ ಏನೂ ಇಲ್ಲ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಇರುವಾಗಲೇ ಊಟ ಮುಗಿಯಬೇಕು. ಅಷ್ಟಮಿ, ಚತುರ್ದಶಿಗೆ ಉಪವಾಸ. ಇಂಥವರನ್ನು ಕರೆದುಕೊಂಡು ಪರದೇಶಕ್ಕೆ ಹೋಗಿ ಬರಲಾಗುತ್ತದೆಂದರೆ ಯಾವ ಮನೆಯವರೂ ಹೋಗಬಹುದು.

ಆಗ ನಾವು ಯೋಜನೆಯನ್ನು ತಿರುವಿ ಹಾಕಿದೆವು. ಮೊದಲು ಸಂಜೆ ಊಟ ಎಲ್ಲಿ, ಎಷ್ಟು ಗಂಟೆಗೆ ಎಂದು ಬರೆಯುವುದು; ಆಮೇಲೆ ಆ ಊರಲ್ಲಿ ನೋಡುವುದೇನು ಎಂದು ಕೂಡಿಸುವುದು. ಒಂದು ಕೈಯಲ್ಲಿ ಪಂಚಾಂಗ, ಒಂದು ಕೈಯಲ್ಲಿ ರೈಲ್ವೆ ಟೈಂಟೇಬಲ್. ಹೀಗೆ ಮಾಡಿದಾಗ ಖರ್ಚೂ ತಾನಾಗಿ ಇಳಿಯಿತು. ರಾತ್ರಿಯ ದೊಡ್ಡ ಹೋಟೆಲ್ ಊಟ, ದೀಪದ ಬೆಳಕಿನಲ್ಲಿ ಊರು ತೋರಿಸುವ ಬಸ್ಸು, ತಡರಾತ್ರಿಯ ಟ್ಯಾಕ್ಸಿ ಯಾವುದೂ ನಮಗೆ ಬೇಕಾಗಲಿಲ್ಲ.

ಭೂತಾನವನ್ನು ಲೆಕ್ಕ ಹಾಕಿ ಕೈಬಿಟ್ಟೆವು. ವೀಸಾ ಬೇಡ, ನಾಣ್ಯವೂ ನಮ್ಮ ರೂಪಾಯಿಗೆ ಸಮ. ಆದರೆ 2022ರಿಂದ ಭಾರತೀಯ ಪ್ರವಾಸಿಗೆ ಪ್ರತಿ ರಾತ್ರಿ 1,200 ರೂಪಾಯಿ ಶುಲ್ಕವಿದೆ, 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಐವರು ಹಿರಿಯರು, ಒಬ್ಬ ಹುಡುಗ; ರಾತ್ರಿಗೆ 6,600, ನಾಲ್ಕು ರಾತ್ರಿಗೆ 26,400. ಕೋಣೆ, ಗಾಡಿ, ಊಟ ಇನ್ನೂ ಬೇರೆ. ಚಿಕ್ಕ ದೇಶ, ಕಾಡು ಕಾಪಾಡಿಕೊಳ್ಳಬೇಕೆಂದು ಹಾಗೆ ಮಾಡಿದೆ, ನಮ್ಮ ತಕರಾರಿಲ್ಲ. ಇಬ್ಬರೇ ಹೋಗುವವರಿಗೆ ಅಡ್ಡಿಯಿಲ್ಲ, ತುಂಬು ಕುಟುಂಬಕ್ಕೆ ಭಾರ. ಶ್ರೀಲಂಕಾ ಇನ್ನೊಂದು ದಿಕ್ಕು, ಅದನ್ನು ಮುಂದಿನ ಸಲಕ್ಕೆ ಇಟ್ಟೆವು. ಉಳಿದದ್ದು ನೇಪಾಳ. ಬರುವಾಗ ಶಿಖರ್ಜಿ ಎಂದದ್ದೇ ತಡ, ಅಕ್ಕ ಅಕ್ಕಲಕೋಟೆಯಿಂದಲೇ ಫೋನಿನಲ್ಲಿ “ಹೂಂ” ಎಂದರು.

ನೇಪಾಳಕ್ಕೆ ಯಾವಾಗ ಹೋಗಬೇಕೆಂಬುದನ್ನು ನಮ್ಮವರು ಅವಶ್ಯವಾಗಿ ಗಮನಿಸಬೇಕು. ಅಶ್ವಿನ ಮಾಸದ ದಶೈಂ ಹಬ್ಬ ಅಲ್ಲಿ ಎಲ್ಲಕ್ಕಿಂತ ದೊಡ್ಡದು. ಆಗ ಊರೂರಲ್ಲಿ ಪ್ರಾಣಿಬಲಿ ನಡೆಯುತ್ತದೆ. ಬಾರಾ ಜಿಲ್ಲೆಯ ಗಢೀಮಾಯಿ ಜಾತ್ರೆ ಐದು ವರ್ಷಕ್ಕೊಮ್ಮೆ. 2024ರ ಡಿಸೆಂಬರಿನಲ್ಲಿ ಆಗಿದೆ, ಮುಂದಿನದು 2029ಕ್ಕೆ. ಕಾಠ್ಮಂಡುವಿನ ಹತ್ತಿರದ ದಕ್ಷಿಣಕಾಳಿಯಲ್ಲಿ ಮಂಗಳವಾರ, ಶನಿವಾರ ಬಲಿ. ಇವೆಲ್ಲ ತಪ್ಪಿಸಿ ನಾವು ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿಸಿಕೊಂಡು ನವೆಂಬರ್ ನಡುವೆ ಹೊರಟೆವು. ಆಕಾಶ ಸ್ವಚ್ಛ, ಹಿಮದ ಗುಡ್ಡ ಚೆನ್ನಾಗಿ ಕಾಣುತ್ತದೆ. ಕೊರತೆ ಒಂದೇ, ಹಗಲು ಚಿಕ್ಕದು. ಸೋಲಾಪುರದಲ್ಲಿ ಆಗ ಐದೂ ಮುಕ್ಕಾಲಿಗೆ ಹೊತ್ತು ಮುಳುಗಿದರೆ ಕಾಠ್ಮಂಡುವಿನಲ್ಲಿ ಐದೂ ಹತ್ತರ ಸುಮಾರಿಗೆ. ಅದೂ ಅವರ ಗಡಿಯಾರದಲ್ಲಿ, ಅದು ನಮಗಿಂತ 15 ನಿಮಿಷ ಮುಂದೆ. ಗಡಿಯಾರ ಬದಲಿಸದೆ ಕುಳಿತರೆ ನೇಮ ಕಾಲು ತಾಸು ತಪ್ಪುತ್ತದೆ. ಅಕ್ಕನ ಎರಡು ಗಳಿಗೆ ಕಳೆದರೆ ನಾಲ್ಕೂ ಇಪ್ಪತ್ತಕ್ಕೆ ತಟ್ಟೆ ತೊಳೆದಿಡಬೇಕು. ದೊಡ್ಡ ಹಗಲು ಬೇಕೆನ್ನುವವರು ಏಪ್ರಿಲ್‌ನಲ್ಲಿ ಹೋಗಬೇಕು, ಆಗ ಆರೂವರೆವರೆಗೆ ಬೆಳಕಿರುತ್ತದೆ. ಆದರೆ ಮಬ್ಬಿನಲ್ಲಿ ಗುಡ್ಡ ಕಾಣುವುದು ದೈವವಶ.

ಕಾಗದಪತ್ರದ ಬಗ್ಗೆ ಎರಡು ಮಾತು. ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೆ ಚುನಾವಣಾ ಆಯೋಗದ ಗುರುತಿನ ಚೀಟಿ ಸಾಕು. ಆಧಾರ್ ಚೀಟಿ 15ರ ಒಳಗಿನವರಿಗೆ, 65 ದಾಟಿದವರಿಗೆ ಮಾತ್ರ ನಡೆಯುತ್ತದೆ, ನಡುವಿನ ವಯಸ್ಸಿನವರಿಗೆ ಇಲ್ಲ. ಅಕ್ಕನಿಗೆ ಪಾಸ್‌ಪೋರ್ಟ್ ಇರಲಿಲ್ಲ, ಆಧಾರಿನ ಮೇಲೆಯೇ ಹೋಗಿ ಬಂದರು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರಿಗೆ ಪುಣೆಯವರೆಗೆ ಹೋಗುವ ತ್ರಾಸಿಲ್ಲ, ಸೋಲಾಪುರದ ಅಂಚೆ ಕಚೇರಿಯಲ್ಲೇ ಸೇವಾಕೇಂದ್ರವಿದೆ. ಶುಲ್ಕ 1,500, ಅರವತ್ತು ದಾಟಿದವರಿಗೆ ಹತ್ತು ಟಕ್ಕೆ ಸವಲತ್ತು. ನಮ್ಮ 100 ರೂಪಾಯಿಗೆ ಅಲ್ಲಿಯ 160, ಈ ದರ 1993ರಿಂದ ಬದಲಾಗಿಲ್ಲ. ನೂರರ ನೋಟುಗಳನ್ನೇ ಒಯ್ಯುವುದು ಒಳ್ಳೆಯದು. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಬೇಕು.

ಬುತ್ತಿಯ ಕೆಲಸ ಅಕ್ಕಲಕೋಟೆಯಲ್ಲಿ ನಡೆಯಿತು. ಕಡಕ್ ರೊಟ್ಟಿ ನಮ್ಮ ಭಾಗದ ಪ್ರವಾಸಿಗರಿಗೆ ದೇವರು ಕೊಟ್ಟ ವರ. ಇಪ್ಪತ್ತು ದಿನ ಇಟ್ಟರೂ ಅಂಜಿಕೆ ಇಲ್ಲ. ಸೋಲಾಪುರದ ಶೇಂಗಾ ಚಟ್ನಿ ಎಲ್ಲ ಕಡೆ ಹೆಸರಾಗಿದೆ, ಆದರೆ ಪೇಟೆಯದರಲ್ಲಿ ಬಳ್ಳೊಳ್ಳಿ ಇದ್ದೇ ಇರುತ್ತದೆ. ಅಕ್ಕ ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿಸಿದರು. ಶೇಂಗಾ ಹೋಳಿಗೆ, ಹುರಿದ ಅವಲಕ್ಕಿ, ಹೆಸರುಬೇಳೆ-ಅಕ್ಕಿ ಕೂಡಿಸಿದ ಪುಡಿಕೆಗಳು, ಒಂದು ಚಿಕ್ಕ ಕರೆಂಟಿನ ಒಲೆ, ನೀರು ಗಾಳಿಸುವ ಬಟ್ಟೆ. ಹೊದೆಯಲು ಸೋಲಾಪುರದ ಚಾದರ ಇದ್ದೇ ಇತ್ತು.

ಸೋಲಾಪುರದಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಮನಮಾಡ, ಅಲ್ಲಿಂದ ಕುಶೀನಗರ ಎಕ್ಸ್‌ಪ್ರೆಸ್ಸಿನಲ್ಲಿ ಗೋರಖಪುರ, ಮುಂದೆ ಬಸ್ಸಿನಲ್ಲಿ ಮೂರು ತಾಸು ಸುನೌಲಿ ಗಡಿ. ಕಮಾನಿನ ಕೆಳಗೆ ನಡೆದು ಹೋದರೆ ನೇಪಾಳ. ಮೊಮ್ಮಗನಿಗೆ ನಿರಾಸೆಯಾಯಿತು. ಪರದೇಶವೆಂದರೆ ವಿಮಾನವೇ ಬೇಕೆಂದು ಅವನು ತಿಳಿದಿದ್ದ. ಮೊದಲ ವಸತಿ ಲುಂಬಿನಿ, ಬುದ್ಧನ ಜನ್ಮಸ್ಥಳ. ಅಲ್ಲಿ ಅಶೋಕನ ಕಂಬವಿದೆ. ತಾನು ಬಂದು ಪೂಜೆ ಸಲ್ಲಿಸಿದ್ದಾಗಿಯೂ, ಈ ಊರಿನ ಕರ ತೆಗೆದು ಎಂಟನೆಯ ಒಂದು ಪಾಲು ಮಾತ್ರ ಉಳಿಸಿದ್ದಾಗಿಯೂ ಅದರ ಮೇಲೆ ಬರೆಸಿದ್ದಾನೆ. ತೆರಿಗೆ ಇಳಿಸಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿದ ಅರಸನನ್ನು ಕಂಡು ನಮಗೆ ಬಹಳ ಗೌರವ ಬಂದಿತು.

ಪೋಖರಾದಲ್ಲಿ ಮೂರು ದಿನ. ಅಷ್ಟಮಿ ಅಲ್ಲಿಯೇ ಬರುವಂತೆ ಮಾಡಿದ್ದೆವು, ಅಕ್ಕನಿಗೆ ಉಪವಾಸದ ದಿನ ಓಡಾಟವಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಸಾರಂಗಕೋಟ ಗುಡ್ಡ ಹತ್ತಿದೆವು. 6,993 ಮೀಟರ್ ಎತ್ತರದ ಮಚ್ಛಪುಚ್ಛ್ರೆ ಶಿಖರದ ತುದಿಗೆ ಮೊದಲು ಬಿಸಿಲು ತಾಗಿ ಕೆಂಪಾಗುತ್ತದೆ, ಆಮೇಲೆ ಚಿನ್ನದ ಬಣ್ಣ, ಆಮೇಲೆ ಬಿಳಿ. ಕೆಳಗೆ ಫೇವಾ ಸರೋವರ. ಹಿಂದಿನ ರಾತ್ರಿ ಎಂಟಕ್ಕೇ ಮಲಗಿದ್ದ ನಮಗೆ ಏಳುವುದು ಕಷ್ಟವಾಗಲಿಲ್ಲ. ತಡರಾತ್ರಿ ಉಂಡು ಮಲಗಿದವರು ಮೇಲೆ ಬರುವಾಗ ಬಿಸಿಲೇರಿ ಎಲ್ಲ ಮುಗಿದಿತ್ತು.

ಪೋಖರಾದಿಂದ ಕಾಠ್ಮಂಡು ಇನ್ನೂರು ಕಿಲೋಮೀಟರ್. ಬೆಳಗ್ಗೆ ಏಳಕ್ಕೆ ಹೊರಟರೂ ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದರಿಂದ ಬಸ್ಸು ಅಲ್ಲಲ್ಲಿ ನಿಂತಿತು. ಮಲೇಖು ಎಂಬಲ್ಲಿ ಚಾಲಕ ಊಟಕ್ಕೆ ನಿಲ್ಲಿಸಿದ. ರಸ್ತೆಯುದ್ದಕ್ಕೂ ಕರಿದ ಮೀನಿನ ಅಂಗಡಿಗಳು. ಅಕ್ಕ ಮೂಗಿಗೆ ಸೆರಗು ಹಿಡಿದು ಕೆಳಗಿಳಿಯಲೇ ಇಲ್ಲ. ಮುಂದೆ ತ್ರಿಶೂಲಿ ನದಿಯ ದಂಡೆಯಲ್ಲಿ ಮತ್ತೆ ಗಾಡಿಗಳ ಸಾಲು ನಿಂತಾಗ ಮೂರೂವರೆ. ಬುತ್ತಿ ಬಿಚ್ಚಿದೆವು. ನಾಲ್ಕು ತುತ್ತು ಆಗಿತ್ತೋ ಇಲ್ಲವೋ, ಸೂರ್ಯ ಎದುರಿನ ಗುಡ್ಡದ ಹಿಂದೆ ಹೋಯಿತು, ಕಣಿವೆಗೆಲ್ಲ ನೆರಳು. ಅಕ್ಕ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

ಮಗ ಮೊಬೈಲು ತೋರಿಸಿ, “ಅತ್ತಿ, ಇನ್ನೂ ಐದೂ ಹತ್ತರ ತನಕ ಹೊತ್ತದ, ಗುಡ್ಡ ಅಡ್ಡ ಬಂದೈತಿ ಅಷ್ಟ” ಎಂದ. “ನನ್ನ ಕಣ್ಣಿಗೆ ಕಾಣವಲ್ದು” ಎಂದರು ಅಕ್ಕ. ನಮಗೆ ಉತ್ತರ ತೋಚಲಿಲ್ಲ. ನಮ್ಮ ಮನೆಯವರು ನದಿಯ ಆಚೆ ದಂಡೆಯ ಗುಡ್ಡದ ಮೇಲ್ಭಾಗ ತೋರಿಸಿದರು. ಅಲ್ಲಿ ಇನ್ನೂ ಹಳದಿ ಬಿಸಿಲಿತ್ತು. “ಅಲ್ಲಿ ಬಿಸಿಲದ ನೋಡ್ರಿ ಅಕ್ಕಾರ. ಆ ಬಿಸಿಲು ಇಳಿಯೂತನಕ ತಿನ್ರಿ” ಎಂದರು. ಅಕ್ಕ ಆ ಬಿಸಿಲನ್ನೇ ನೋಡುತ್ತ, ಬೇಗಬೇಗ ಎರಡು ರೊಟ್ಟಿ ತಿಂದು, ನೀರು ಕುಡಿದು ಪ್ರತ್ಯಾಖ್ಯಾನ ಹೇಳಿಕೊಂಡರು. ಗಡಿಯಾರ ನಾಲ್ಕಾಗಿತ್ತು. ಕಾಠ್ಮಂಡು ಮುಟ್ಟಿದ್ದು ಏಳಕ್ಕೆ. ಗುಡ್ಡದ ನಾಡಿನಲ್ಲಿ ಮೊಬೈಲಿನ ಸೂರ್ಯಾಸ್ತ ನಂಬಿ ಕೂಡಬಾರದು. ಪ್ರಯಾಣದ ದಿನ ಮೂರಕ್ಕೇ ಬುತ್ತಿ ಬಿಚ್ಚಬೇಕು.

ಕಾಠ್ಮಂಡುವಿನ ಕಮಲಪೋಖರಿಯಲ್ಲಿ ಜೈನ ಮಂದಿರವಿದೆ. ಶ್ವೇತಾಂಬರ, ದಿಗಂಬರ ಎರಡೂ ಸಂಪ್ರದಾಯದವರಿಗೆ ಒಂದೇ ಕಟ್ಟಡ. ವ್ಯಾಪಾರಕ್ಕೆ ಹೋಗಿ ನೆಲೆಸಿದ ಜೈನ ಕುಟುಂಬಗಳು ನಡೆಸುತ್ತವೆ. ನಮ್ಮ ಊರುಗಳಲ್ಲಿ ಗೋಡೆ, ಬಾಗಿಲು, ಬೀಗದ ವ್ಯಾಜ್ಯ ನೋಡಿದ ಕಣ್ಣಿಗೆ ಇದು ತಂಪಾಯಿತು. ಅಲ್ಲಿ ಕುಳಿತಾಗ ಭದ್ರಬಾಹು ಸ್ವಾಮಿಗಳ ಮಾತು ಬಂತು. ಪಾಟಲಿಪುತ್ರದಲ್ಲಿ ಸಭೆ ಸೇರಿದಾಗ ಅವರು ನೇಪಾಳದಲ್ಲಿ ಧ್ಯಾನದಲ್ಲಿದ್ದರು, ಸ್ಥೂಲಭದ್ರರು ಅಲ್ಲಿಗೇ ಹೋಗಿ ಪೂರ್ವಗಳನ್ನು ಕಲಿತರು ಎಂದು ಶ್ವೇತಾಂಬರ ಗ್ರಂಥಗಳು ಹೇಳುತ್ತವೆ. ನಮ್ಮಲ್ಲಿ ಅವರು ಚಂದ್ರಗುಪ್ತನೊಡನೆ ಶ್ರವಣಬೆಳಗೊಳಕ್ಕೆ ಬಂದು ಚಂದ್ರಗಿರಿಯಲ್ಲಿ ಸಲ್ಲೇಖನ ಮಾಡಿದರು. ಎರಡನ್ನೂ ಹೊಂದಿಸುವುದು ಪಂಡಿತರ ಕೆಲಸ. ಅಕ್ಕ ಮಾತ್ರ, “ಚಂದ್ರಗಿರಿಗೆ ಹೋದಾಗ ಅವರ ಪಾದಕ್ಕ ಅಡ್ಡಬಿದ್ದೀನಿ, ಇಲ್ಲೂ ಒಂದು ಬೀಳೂಣು” ಎಂದು ಬಿದ್ದೇಬಿಟ್ಟರು.

ಪಶುಪತಿನಾಥ, ಸ್ವಯಂಭೂ, ಬೌದ್ಧನಾಥ ಎಲ್ಲವನ್ನೂ ನೋಡಿದೆವು. ಪಶುಪತಿಯ ಪೂಜೆಯ ಭಟ್ಟರು ಕರ್ನಾಟಕದ ಕಡೆಯವರೆಂಬುದು ನಮ್ಮವರಿಗೆ ತಿಳಿದಿರಲಿ. ತಿನಿಸಿನ ಬಗ್ಗೆ ಹೇಳುವುದಾದರೆ ಮೋಮೋ ಎಂಬ ಕಡುಬು ಮೂಲೆಮೂಲೆಗೆ ಸಿಗುತ್ತದೆ; ತರಕಾರಿಯದರಲ್ಲೂ ಉಳ್ಳಾಗಡ್ಡಿ ಸಾಮಾನ್ಯ, ಬಿಟ್ಟುಬಿಡಬೇಕು. ಸೇಲ್ ರೋಟಿ ಬಿಡಬಾರದು. ಅಕ್ಕಿ ರುಬ್ಬಿ ಸಕ್ಕರೆ, ತುಪ್ಪ ಕೂಡಿಸಿ ಬಳೆಯಂತೆ ಕರಿಯುತ್ತಾರೆ. ಬೆಳಗ್ಗೆ ನಮ್ಮ ಕಣ್ಣೆದುರಿಗೇ ಕರಿದು ಕೊಟ್ಟರು. “ಅತ್ರಾಸ ಬಳಿ ಆದಂಗ ಆಗೇದಲ್ಲ” ಎಂದು ಅಕ್ಕ ನಕ್ಕರು. ಎಣ್ಣೆ, ನೀರಿನ ವಿಚಾರಣೆಯಲ್ಲಿ ಸಮಾಧಾನವಾಗದೆ ತಾವು ತಿನ್ನಲಿಲ್ಲ. ಮೊಮ್ಮಗ ಅವರ ಪಾಲಿನದನ್ನೂ ತಿಂದ. ತೆಳ್ಳನೆ ಪೂರಿಯಲ್ಲಿ ಜಿಲೇಬಿ ಸುತ್ತಿ ಕೊಡುವ ಜೇರಿ-ಸ್ವಾರಿಯ ಹಿಟ್ಟು ರಾತ್ರಿ ಹುಳಿ ಬರಿಸಿದ್ದೆಂದು ನಮ್ಮ ಮನೆಯವರೂ ಬಿಟ್ಟರು. ಭಕ್ತಪುರದ ಜುಜು ಧೌ, ಅಂದರೆ ಮೊಸರಿನ ರಾಜ, ಮಣ್ಣಿನ ಬೋಗುಣಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹೆಪ್ಪು ಯಾವಾಗ ಹಾಕಿದ್ದು ಎಂದು ಅಕ್ಕ ಹಿಂದಿಯಲ್ಲಿ ಕೇಳಿದರು. ಅಂಗಡಿಯ ಹೆಣ್ಣುಮಗಳು ಒಂದು ಸಾಲು ತೋರಿಸಿ ನಿನ್ನೆ ಸಂಜೆಯದು, ಇನ್ನೊಂದು ಸಾಲು ತೋರಿಸಿ ಮೊನ್ನೆಯದು ಎಂದು ಸರಳವಾಗಿ ಹೇಳಿದಳು. ನಿನ್ನೆಯದನ್ನು ಆರೂ ಜನ ತಿಂದೆವು. ಗಿರಾಕಿಗೆ ಹೀಗೆ ಉತ್ತರ ಕೊಡುವ ಅಂಗಡಿಗಳು ನಮ್ಮಲ್ಲೂ ಕಡಿಮೆ.

ಕಾಠ್ಮಂಡುವಿನಿಂದ ಜನಕಪುರದ ರಸ್ತೆ 2024ರ ಸೆಪ್ಟೆಂಬರಿನ ನೆರೆಯಲ್ಲಿ ಬಹಳ ಕೆಟ್ಟಿತ್ತು. ಅದೊಂದು ಕಡೆ ವಿಮಾನ ಹಿಡಿದೆವು. ಮೊಮ್ಮಗನ ಆಸೆಯೂ ತೀರಿತು. ಜನಕಪುರದ ಜಾನಕಿ ಮಂದಿರ ಟೀಕಮಗಢದ ರಾಣಿ ಕಟ್ಟಿಸಿದ್ದು, ನೌಲಖಾ ಎಂದೂ ಕರೆಯುತ್ತಾರೆ. ಎಲ್ಲರಿಗೂ ಅದು ಸೀತೆಯ ತವರು. ನಮಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಹತ್ತೊಂಬತ್ತನೆಯ ಮಲ್ಲಿನಾಥ, ಇಪ್ಪತ್ತೊಂದನೆಯ ನಮಿನಾಥ ತೀರ್ಥಂಕರರಿಬ್ಬರೂ ಹುಟ್ಟಿದ್ದು ಮಿಥಿಲೆಯಲ್ಲಿ. ಆ ಮಿಥಿಲೆ ಇಂದು ಬಿಹಾರ, ನೇಪಾಳ ಎರಡೂ ಕಡೆ ಹರಡಿದ ನಾಡು. 1097ರಲ್ಲಿ ನಾನ್ಯದೇವನೆಂಬವನು ಇದೇ ಸೀಮೆಯಲ್ಲಿ ಕರ್ಣಾಟ ವಂಶದ ರಾಜ್ಯ ಕಟ್ಟಿದನೆಂಬುದು ಕನ್ನಡಿಗರಿಗೆ ಇನ್ನೊಂದು ನಂಟು. ಚತುರ್ದಶಿ ಅಲ್ಲಿಯೇ ಬಂದಿತು. ಅಕ್ಕ ಉಪವಾಸವಿದ್ದು ದಿನವೆಲ್ಲ ಕೆರೆಯ ದಂಡೆಯಲ್ಲಿ ಇಬ್ಬರು ತೀರ್ಥಂಕರರ ಹೆಸರಿನಲ್ಲಿ ಜಪ ಮಾಡಿದರು.

ಜನಕಪುರದಿಂದ ಬಿಹಾರದ ಜಯನಗರಕ್ಕೆ 2022ರಲ್ಲಿ ಮತ್ತೆ ಆರಂಭವಾದ ಚಿಕ್ಕ ರೈಲಿದೆ, ಅದರಲ್ಲಿ ಗಡಿ ದಾಟಿದೆವು. ಪಾವಾಪುರಿ, ರಾಜಗಿರಗಳ ಬಗ್ಗೆ ಇಲ್ಲಿ ವಿಸ್ತಾರ ಬೇಡ, ನಮ್ಮವರು ಅನೇಕರು ನೋಡಿ ಬಂದಿದ್ದಾರೆ. ಶಿಖರ್ಜಿಯಲ್ಲಿ 27 ಕಿಲೋಮೀಟರ್ ವಂದನೆಯನ್ನು ಅಕ್ಕ ಡೋಲಿಯಲ್ಲಿ, ನಾವೆಲ್ಲ ನಡೆದು ಮುಗಿಸಿದೆವು. ಮಲ್ಲಿನಾಥ, ನಮಿನಾಥ ಇಬ್ಬರೂ ನಿರ್ವಾಣ ಹೊಂದಿದ್ದು ಅದೇ ಬೆಟ್ಟದ ಮೇಲೆ. ನಮಿನಾಥರ ಟೋಂಕಿನ ಮುಂದೆ ಅಕ್ಕ ಡೋಲಿ ಇಳಿಸಲು ಹೇಳಿ ಬಹಳ ಹೊತ್ತು ನಿಂತರು. “ಹುಟ್ಟಿದ ಊರೂ ಕಂಡೆ, ಇದೂ ಕಂಡೆ” ಎಂದಷ್ಟೇ ಹೇಳಿದರು.

ಊರಿಗೆ ಬಂದು ಕಿರ್ದಿ ಕೂಡಿಸಿದಾಗ ತಲೆಗೆ 29 ಸಾವಿರ ಚಿಲ್ಲರೆ ಬಂದಿತು. ಇದರಲ್ಲಿ ದೊಡ್ಡ ಕಲಮುಗಳೆಂದರೆ ಕೋಣೆ ಬಾಡಿಗೆ ಮತ್ತು ಆ ಒಂದು ವಿಮಾನ. ಊಟದ ಖರ್ಚು ಹಾಲು, ತರಕಾರಿ, ತಿನಿಸು ಸೇರಿ ಎಲ್ಲಕ್ಕಿಂತ ಕಡಿಮೆ. 2019ರಲ್ಲಿ ಎಂಟು ದಿನಕ್ಕೆ ಇದರ ಇಮ್ಮಡಿಗಿಂತ ಹೆಚ್ಚು ಕೊಟ್ಟಿದ್ದೆವು.

ಶ್ರೀಲಂಕಾದ ಕಡತ ಈಗ ಮತ್ತೆ ಹೊರಗೆ ಬಂದಿದೆ. ಅನುರಾಧಪುರದಲ್ಲಿ ರಾಜ ಪಾಂಡುಕಾಭಯನು ಜೋತಿಯನೆಂಬ ನಿರ್ಗ್ರಂಥನಿಗೆ ವಸತಿ ಕಟ್ಟಿಸಿಕೊಟ್ಟನೆಂದು ಬೌದ್ಧರ ಮಹಾವಂಶದಲ್ಲೇ ಬರೆದಿದೆಯೆಂದು ತಿಳಿದಾಗಿನಿಂದ ನಮ್ಮ ಮನೆಯವರಿಗೂ ಆಸೆ ಹುಟ್ಟಿದೆ. ಅಲ್ಲಿಯ ಕಾಯಿ ಚಟ್ನಿಯಲ್ಲಿ ಒಣಮೀನಿನ ಪುಡಿ ಬೆರೆಸುತ್ತಾರೆ, ಅಕ್ಕಿಯ ಆಪ್ಪವನ್ನು ಬರಿದೇ ಕೇಳಿ ತಿನ್ನಬೇಕು ಎಂದು ಸೊಸೆ ಗುರುತು ಹಾಕಿಕೊಂಡಿದ್ದಾಳೆ. ಈ ಸಲ ಅಕ್ಕನಿಗೂ ಪಾಸ್‌ಪೋರ್ಟ್ ಬೇಕು. ಮೊನ್ನೆ ಅಕ್ಕಲಕೋಟೆಗೆ ಹೋದಾಗ ಅರ್ಜಿಗೆ ಸಹಿ ಮಾಡಿಸಿಕೊಂಡು ಬಂದೆವು. ಸಹಿ ಮಾಡುವ ಮುಂಚೆ ಅವರು ಕೇಳಿದ್ದು ಒಂದೇ: “ಅಲ್ಲಿ ಹೊತ್ತು ಎಷ್ಟಕ್ಕ ಮುಳಗ್ತದ?”

“ವರ್ಷವಿಡೀ ಆರರ ಸುಮಾರು” ಎಂದೆವು.

“ಗುಡ್ಡ ಅದಾವೇನು?”